ರೋಗಿಯ ಬಗ್ಗೆ ತೀರ್ಪು ಕೊಡದೆ ನೋಡಿಕೊಳ್ಳುವುದು ಹೇಗೆ: ನರ್ಸ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಗಾಯದ ಮೇಲಿನ ಟೇಪ್ ತೆಗೆಯಲು ಎರಡು ದಾರಿ ಇವೆ. ಒಂದು, ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಅಂಚಿಗೆ ಒತ್ತಿ, ಒಂದು ಬೆರಳಲ್ಲಿ ಚರ್ಮ ಹಿಡಿದು, ನಿಧಾನವಾಗಿ ಬಿಡಿಸುವುದು. ಇನ್ನೊಂದು, ಸರ್ರನೆ ಎಳೆಯುವುದು.

ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ಒಂದು ಬೆಳಗ್ಗೆ ಸಾಲಾಗಿ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಆಪರೇಷನ್ ಆದ ಅಜ್ಜಿಯೊಬ್ಬರ ಟೇಪನ್ನು ನೆನೆಸಿ ಬಿಡಿಸಿದೆ. ಜೊತೆಗೆ ನಾಲ್ಕು ಮಾತೂ ಆಡಿದೆ. ಪಕ್ಕದ ಬೆಡ್‌ನಲ್ಲಿ 19 ವರ್ಷದ ಹುಡುಗಿ. ತನ್ನ ಕೈಗೆ ತಾನೇ ಗಾಯ ಮಾಡಿಕೊಂಡು ಬಂದಿದ್ದಳು, ಅದೂ ಎರಡನೇ ಸಲ. ಅವಳ ಟೇಪನ್ನು ಎಳೆದೆ. ಸಲೈನ್ ಬಾಟಲಿ ಅದೇ ಟ್ರಾಲಿಯ ಮೇಲಿತ್ತು. ಹೊತ್ತೂ ಇತ್ತು. ಅವಳು ಕೂಗಲಿಲ್ಲ, ಮೇಲಿನ ಫ್ಯಾನ್ ನೋಡುತ್ತಾ ಮಲಗಿದ್ದಳು. "ಇಷ್ಟೆಲ್ಲ ಮಾಡಿಕೊಂಡವಳಿಗೆ ಇದ್ಯಾವ ನೋವು" ಅನ್ನುವ ಮಾತು ನನ್ನ ಬಾಯಿಗೆ ಬಂದಿರಲಿಲ್ಲ. ಮನಸ್ಸಿನಲ್ಲೂ ಅಷ್ಟು ಸ್ಪಷ್ಟವಾಗಿ ಇರಲಿಲ್ಲ. ನನ್ನ ಕೈ ಮಾತ್ರ ಅದನ್ನು ಹೇಳಿಯಾಗಿತ್ತು.

"ಯಾರನ್ನೂ ಜಡ್ಜ್ ಮಾಡಬೇಡಿ" ಅಂತ ನರ್ಸಿಂಗ್ ಓದುವಾಗ ಮೊದಲ ವರ್ಷವೇ ಹೇಳಿಕೊಡುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಳ್ಳುತ್ತೇವೆ. ಹೇಗೆ ಅನ್ನೋದನ್ನು ಮಾತ್ರ ಯಾರೂ ಬಿಡಿಸಿ ಹೇಳೋದಿಲ್ಲ. ಮನಸ್ಸಿನಲ್ಲಿ ಅಭಿಪ್ರಾಯ ಹುಟ್ಟದ ಹಾಗೆ ಮಾಡೋದು ಆಗದ ಕೆಲಸ, ಅದಕ್ಕೆ ಒದ್ದಾಡಿ ಸುಸ್ತಾಗಬೇಡಿ ಅಂತ ನಾನು ಹೇಳುತ್ತೇನೆ. ಹುಟ್ಟಿದ ಅಭಿಪ್ರಾಯ ಕೈಗೆ, ಕಾಲಿಗೆ, ಪೆನ್ನಿಗೆ ಇಳಿಯದ ಹಾಗೆ ನೋಡಿಕೊಳ್ಳೋದನ್ನು ಕಲಿಯಬಹುದು. ಕೆಳಗೆ ಬರೆದಿರೋದೆಲ್ಲ ಅದನ್ನೇ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ

ಮೌಲ್ಯ ಅಂದರೆ ನಮಗೆ ಯಾವುದು ಮುಖ್ಯ ಅನ್ನೋದು. ದುಡಿದು ಬದುಕಬೇಕು, ಹೇಳಿದ ಹೊತ್ತಿಗೆ ಬರಬೇಕು, ವಯಸ್ಸಾದವರನ್ನು ಬಿಟ್ಟುಹಾಕಬಾರದು, ಸುಳ್ಳು ಹೇಳಬಾರದು. ಇವುಗಳಲ್ಲಿ ಹೆಚ್ಚಿನವನ್ನು ನಾವು ಕೂತು ಆರಿಸಿಕೊಂಡಿಲ್ಲ. ಮನೆಯಿಂದ, ಶಾಲೆಯಿಂದ, ನಂಬಿಕೆಯಿಂದ, ತಿಂದ ಪೆಟ್ಟುಗಳಿಂದ ಬಂದು ಅಂಟಿಕೊಂಡವು. ತಪ್ಪೇನಿಲ್ಲ. ಮೌಲ್ಯಗಳಿಲ್ಲದ ನರ್ಸ್ ಯಾರಿಗೂ ಬೇಡ.

ತೀರ್ಪು ಅಂದರೆ ನಮ್ಮ ಅಳತೆಗೋಲನ್ನು ಇನ್ನೊಬ್ಬರ ಬೆನ್ನಿಗೆ ಹಿಡಿಯೋದು. ಇಲ್ಲೊಂದು ಗೊಂದಲ ಆಗಾಗ ಆಗುತ್ತದೆ. ಕ್ಲಿನಿಕಲ್ ಜಡ್ಜ್‌ಮೆಂಟ್ ಬೇರೆ, ಇದು ಬೇರೆ. "ಇವರ ಉಸಿರಾಟ ಸರಿಯಿಲ್ಲ, ಡಾಕ್ಟರನ್ನು ಕರೆಯಬೇಕು" ಅನ್ನೋದು ಕ್ಲಿನಿಕಲ್ ಜಡ್ಜ್‌ಮೆಂಟ್. "ವರ್ಷಗಟ್ಟಲೆ ಸೇದಿದರಲ್ಲ, ಅನುಭವಿಸಲಿ" ಅನ್ನೋದು ತೀರ್ಪು. ಮೊದಲನೆಯದು ಎಷ್ಟಿದ್ದರೂ ಸಾಲದು. ಎರಡನೆಯದು ಮೊದಲನೆಯದನ್ನು ಕುರುಡು ಮಾಡುತ್ತದೆ.

ಇದು ನಮ್ಮ ಒಳ್ಳೆಯತನಕ್ಕೆ ಬಿಟ್ಟ ವಿಷಯವೂ ಅಲ್ಲ. 1899ರಲ್ಲಿ ಶುರುವಾದ ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲಿ ನರ್ಸ್‌ಗಳಿಗೆ ನೀತಿಸಂಹಿತೆ ಒಪ್ಪಿಕೊಂಡಿತು. 2021ರಲ್ಲಿ ಅದನ್ನು ಮತ್ತೆ ತಿದ್ದಿತು. ವಯಸ್ಸು, ಬಣ್ಣ, ನಂಬಿಕೆ, ಲಿಂಗ, ಲೈಂಗಿಕ ಒಲವು, ಕಾಯಿಲೆ, ಅಂಗವೈಕಲ್ಯ, ರಾಜಕೀಯ, ಭಾಷೆ, ಹಣ ಅಥವಾ ಕಾನೂನಿನ ಸ್ಥಿತಿ, ಇವು ಯಾವುದೂ ಆರೈಕೆಗೆ ಅಡ್ಡ ಬರಬಾರದು ಅನ್ನುತ್ತದೆ ಅದು. ಕಾನೂನಿನ ಸ್ಥಿತಿ ಅನ್ನುವ ಮಾತನ್ನು ಗಮನಿಸಿ. ಕೈಗೆ ಬೇಡಿ ಹಾಕಿಸಿಕೊಂಡು ಬಂದ ರೋಗಿಯೂ ಅದರೊಳಗೆ ಬರುತ್ತಾನೆ.

ಹೆಜ್ಜೆ 1: ನಿಮ್ಮ ಮೌಲ್ಯಗಳನ್ನು ಕಾಗದದ ಮೇಲೆ ಇಳಿಸಿ

20 ನಿಮಿಷ ಸಾಕು. ಡ್ಯೂಟಿ ಮುಗಿಸಿ ಬಂದ ತಕ್ಷಣ ಬೇಡ, ರಜೆಯ ದಿನ ಮಾಡಿ. "ನನಗೆ ಇದು ತುಂಬಾ ಮುಖ್ಯ" ಅನ್ನಿಸುವ 10 ವಿಷಯ ಬರೆಯಿರಿ. ಚಂದದ ಪದ ಹುಡುಕಬೇಡಿ. "ಪ್ರಾಮಾಣಿಕತೆ" ಅಂತ ಬರೆದರೆ ಏನೂ ಗೊತ್ತಾಗೋದಿಲ್ಲ. "ನನ್ನ ಹತ್ತಿರ ಸುಳ್ಳು ಹೇಳಿದವರನ್ನು ಮತ್ತೆ ನಂಬೋಕೆ ಆಗಲ್ಲ" ಅಂತ ಬರೆದರೆ ಗೊತ್ತಾಗುತ್ತದೆ. 10ರಿಂದ 5 ಉಳಿಸಿಕೊಳ್ಳಿ, ಆಮೇಲೆ 3. ಹೊಡೆದುಹಾಕುವಾಗ ಯಾವುದಕ್ಕೆ ಪೆನ್ನು ತಡೆಯಿತೋ ಅದೇ ಗಟ್ಟಿ ಮೌಲ್ಯ.

ಉಳಿದ ಮೂರಕ್ಕೆ ಒಂದು ಪರೀಕ್ಷೆ ಇದೆ. ಲೂಯಿ ರಾತ್ಸ್, ಮೆರಿಲ್ ಹಾರ್ಮಿನ್, ಸಿಡ್ನಿ ಸೈಮನ್ ಎಂಬ ಅಮೆರಿಕದ ಶಿಕ್ಷಣ ಚಿಂತಕರು 1966ರಲ್ಲಿ ಮುಂದಿಟ್ಟದ್ದು. ಅವರು ಏಳು ಪ್ರಶ್ನೆ ಇಟ್ಟಿದ್ದರು, ಎಲ್ಲವೂ ಮೂರು ಮಾತಿನಲ್ಲಿ ಅಡಗುತ್ತವೆ. ಇದನ್ನು ನಾನೇ ಆರಿಸಿಕೊಂಡೆನಾ? ನಾಲ್ಕು ಜನರ ಮುಂದೆ ಹೇಳಿಕೊಳ್ಳುವಷ್ಟು ಇದರ ಬಗ್ಗೆ ಹೆಮ್ಮೆ ಇದೆಯಾ? ಮತ್ತೆ ಮತ್ತೆ ಇದರಂತೆ ನಡೆದುಕೊಳ್ಳುತ್ತೇನಾ? ಮೂರನೆಯದಕ್ಕೆ ಬಂದಾಗ ಹೆಚ್ಚಿನವರು ಸ್ವಲ್ಪ ನಗುತ್ತಾರೆ. ನಾನೂ ನಕ್ಕೆ. "ಎಲ್ಲರಿಗೂ ಒಂದೇ ಆರೈಕೆ" ಅಂತ ಬರೆದಿದ್ದೆ, ಟೇಪ್ ನೆನಪಾಯಿತು.

ಹೆಜ್ಜೆ 2: ಪ್ರತಿ ಮೌಲ್ಯದ ನೆರಳನ್ನು ಬರೆಯಿರಿ

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಈ ಹೆಜ್ಜೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ನಮ್ಮ ತೀರ್ಪುಗಳು ನಮ್ಮ ಕೆಟ್ಟ ಗುಣಗಳಿಂದ ಬರುತ್ತವೆ ಅಂದುಕೊಂಡಿರುತ್ತೇವೆ. ಹಾಗಲ್ಲ. ಅವು ನಮ್ಮ ಒಳ್ಳೆಯ ಗುಣಗಳ ನೆರಳಿನಲ್ಲೇ ಕೂತಿರುತ್ತವೆ. ಸ್ವಂತ ಕಾಲ ಮೇಲೆ ನಿಲ್ಲೋದು ನಿಮಗೆ ಮುಖ್ಯವೇ? ಹಾಗಾದರೆ ಕೈಲಾಗುವ ಕೆಲಸಕ್ಕೂ ಬೆಲ್ ಒತ್ತುವ ರೋಗಿ ನಿಮ್ಮನ್ನು ಕೆರಳಿಸುತ್ತಾರೆ. ಕುಟುಂಬ ಮುಖ್ಯವೇ? ವಾರವಾದರೂ ತಂದೆಯನ್ನು ನೋಡಲು ಬಾರದ ಮಗ ನಿಮಗೆ ವಿಲನ್ ಆಗುತ್ತಾನೆ. ಆ ತಂದೆ ಒಂದು ಕಾಲದಲ್ಲಿ ಮನೆಯಲ್ಲಿ ಹೇಗಿದ್ದರೋ ನಿಮಗೆ ಗೊತ್ತಿರೋದಿಲ್ಲ. ನಿಮಗೆ ಮಗು ಆಗಲಿಲ್ಲ ಅಂತ ನೋವಿದ್ದರೆ, ಗರ್ಭಪಾತಕ್ಕೆ ಬಂದವರ ಮುಂದೆ ನಿಮ್ಮ ಮುಖ ನಿಮ್ಮ ಮಾತು ಕೇಳೋದಿಲ್ಲ. ಜೀವ ಉಳಿಸೋದೇ ದೊಡ್ಡದು ಅಂತ ನಂಬಿದ್ದರೆ, "ಸಾಕು, ಇನ್ನು ಚಿಕಿತ್ಸೆ ಬೇಡ" ಅನ್ನುವ ರೋಗಿ ಹೇಡಿಯ ಹಾಗೆ ಕಾಣುತ್ತಾರೆ.

ಕಾಗದದ ಎಡಗಡೆ ಮೌಲ್ಯ, ಬಲಗಡೆ "ಇದನ್ನು ಮುರಿದವರು ಯಾರು ಬಂದರೆ ನನಗೆ ಕಿರಿಕಿರಿ ಆಗುತ್ತದೆ" ಅನ್ನೋದು. ಬಲಗಡೆಯ ಪಟ್ಟಿಯನ್ನು ಯಾರಿಗೂ ತೋರಿಸಬೇಕಿಲ್ಲ, ಹಾಗಾಗಿ ನಿಜ ಬರೆಯಿರಿ. ದಪ್ಪಗಿರುವವರು, ಕುಡಿಯುವವರು, ಹಣದ ಜೋರು ತೋರಿಸುವವರು, ಇಂಟರ್‌ನೆಟ್ ಓದಿ ಬಂದು ನಿಮಗೇ ಪಾಠ ಹೇಳುವವರು. ಹೆಸರು ಕೊಟ್ಟ ಮೇಲೆ ಅದು ಕತ್ತಲಲ್ಲಿ ಕೂತು ಕೆಲಸ ಮಾಡೋದು ಕಷ್ಟ.

ಒಂದು ಮಾತು ಸೇರಿಸಬೇಕು. ತೀರ್ಪು ಅಂದರೆ ಸಿಟ್ಟು ಮಾತ್ರ ಅಲ್ಲ, ಮೆಚ್ಚುಗೆಯೂ ತೀರ್ಪೇ. 1972ರಲ್ಲಿ ಬ್ರಿಟನ್ನಿನ ನರ್ಸ್ ಫೆಲಿಸಿಟಿ ಸ್ಟಾಕ್‌ವೆಲ್ ಅವರು ನರ್ಸ್‌ಗಳಿಗೆ ಯಾವ ರೋಗಿಗಳು ಇಷ್ಟ, ಯಾರು ಇಷ್ಟವಿಲ್ಲ ಅನ್ನುವ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ನರ್ಸ್‌ಗಳ ಹೆಸರು ನೆನಪಿಟ್ಟುಕೊಂಡು ನಗುನಗುತ್ತಾ ಮಾತಾಡುವವರು, ಹೇಳಿದಂತೆ ಕೇಳುವವರು ಎಲ್ಲರಿಗೂ ಅಚ್ಚುಮೆಚ್ಚು. ದೂರುವವರು, ಪದೇಪದೇ ಕರೆಯುವವರು, "ಇವರಿಗೆ ಆಸ್ಪತ್ರೆಯೇ ಬೇಕಿರಲಿಲ್ಲ" ಅಂತ ನರ್ಸ್‌ಗಳಿಗೆ ಅನ್ನಿಸಿದವರು ಬೇಡವಾದವರು. ನಿಮ್ಮ ವಾರ್ಡ್ ನೆನಪಾಯಿತು ಅಲ್ವಾ? ನಾನು ಅಜ್ಜಿಯ ಟೇಪ್ ನೆನೆಸಿದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅಜ್ಜಿ ನನ್ನನ್ನು "ಮಗಳೇ" ಅನ್ನುತ್ತಿದ್ದರು.

ಹೆಜ್ಜೆ 3: ಮೈ ಕೊಡುವ ಸುಳಿವು ಹಿಡಿಯಿರಿ

ನಮ್ಮ ಬೆನ್ನು ನಮಗೆ ಕಾಣೋದಿಲ್ಲ. ಆದರೆ ತೀರ್ಪು ಬರುವ ಮುಂಚೆ ಮೈ ಏನೋ ಒಂದು ಮಾಡುತ್ತದೆ, ಅದು ಗೊತ್ತಾಗುತ್ತದೆ. ಬಾಗಿಲ ಮುಂದೆ ಒಂದು ನಿಟ್ಟುಸಿರು. ಹಲ್ಲು ಕಚ್ಚಿದ ದವಡೆ. ಕಣ್ಣು ರೋಗಿಯ ಮುಖಕ್ಕಿಂತ ಜಾಸ್ತಿ ಚಾರ್ಟ್ ಮೇಲೆ. ಬೇರೆ ಬೆಡ್ ಹತ್ತಿರ ನಿಂತು ಮಾತಾಡಿದವರು ಈ ಬೆಡ್‌ಗೆ ಬಂದಾಗ ಕಾಲು ಆಗಲೇ ಬಾಗಿಲ ಕಡೆ ತಿರುಗಿರೋದು. ಇವತ್ತಿನ ಕಾಲ್ ಬೆಲ್‌ಗಳಲ್ಲಿ ಯಾವುದಕ್ಕೆ ಕೊನೆಗೆ ಹೋದೆ ಅಂತ ಶಿಫ್ಟ್ ಮುಗಿದ ಮೇಲೆ ಲೆಕ್ಕ ಹಾಕಿ ನೋಡಿ. ಮನಸ್ಸು ಸುಳ್ಳು ಹೇಳಬಹುದು, ಬೆಲ್ ಹೇಳೋದಿಲ್ಲ.

ನಿದ್ದೆಗೆಟ್ಟಾಗ, ಹೊಟ್ಟೆ ಹಸಿದಾಗ, ಒಬ್ಬರೇ ಇಬ್ಬರ ಕೆಲಸ ಮಾಡುವಾಗ ಇದು ಜಾಸ್ತಿ. ಆಗ ಮೆದುಳು ಹತ್ತಿರದ ದಾರಿ ಹಿಡಿಯುತ್ತದೆ, ಹಣೆಪಟ್ಟಿ ಅಂಟಿಸಿ ಮುಂದೆ ಹೋಗುತ್ತದೆ. ಇದನ್ನು ಓದಿ "ಹಾಗಾದರೆ ನನ್ನ ತಪ್ಪೇನಿಲ್ಲ" ಅಂದುಕೊಳ್ಳಬೇಡಿ. ನೈಟ್ ಡ್ಯೂಟಿಯ ಕೊನೆಯ ಎರಡು ಗಂಟೆ ಇನ್ನೂ ಎಚ್ಚರ ಬೇಕು ಅನ್ನೋದಷ್ಟೇ ಇದರ ಅರ್ಥ.

ಹೆಜ್ಜೆ 4: ಕೈ ಉಜ್ಜುವ 20 ಸೆಕೆಂಡನ್ನು ಬಳಸಿಕೊಳ್ಳಿ

"ಒಂದು ಕ್ಷಣ ನಿಂತು ಯೋಚಿಸಿ" ಅನ್ನುವ ಸಲಹೆ ಕೇಳೋಕೆ ಚೆನ್ನ. 30 ರೋಗಿಗಳ ವಾರ್ಡ್‌ನಲ್ಲಿ ಆ ಕ್ಷಣ ಎಲ್ಲಿಂದ ತರೋದು? ಉತ್ತರ ಕೈಯಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹ್ಯಾಂಡ್‌ರಬ್ (ಕೈ ಶುಚಿ ಮಾಡುವ ದ್ರವ) ಹಾಕಿ ಕೈ ಉಜ್ಜಲು 20ರಿಂದ 30 ಸೆಕೆಂಡ್ ಬೇಕು. ರೋಗಿಯನ್ನು ಮುಟ್ಟುವ ಮುಂಚೆ ಹೇಗೂ ಉಜ್ಜಲೇಬೇಕು. ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಮೂರು ಸಾಲು ಹೇಳಿಕೊಳ್ಳಿ.

ನನಗೆ ಈಗ ಏನನ್ನಿಸುತ್ತಿದೆ? "ಸಿಟ್ಟು" ಅಂತ ಒಪ್ಪಿಕೊಂಡರೆ ಸಾಕು, ಅದರ ಜೊತೆ ಜಗಳ ಬೇಡ.

ಈ ರೋಗಿಯ ಬಗ್ಗೆ ನನಗೆ ನಿಜಕ್ಕೂ ಗೊತ್ತಿರೋದು ಏನು?

ನನಗೆ ಪ್ರೀತಿಯ ರೋಗಿ ಇಲ್ಲಿ ಮಲಗಿದ್ದರೆ ಈ ಕೆಲಸ ಹೇಗೆ ಮಾಡುತ್ತಿದ್ದೆ?

ಕೆಲಸ ಮಾಡೋದು ಮೂರನೆಯದು. ಅದು ಪ್ರೀತಿ ಕೇಳೋದಿಲ್ಲ, ಒಂದು ನಮೂನೆ ಕೇಳುತ್ತದೆ. ಅಜ್ಜಿಗೆ ಏನು ಮಾಡಿದೆನೋ ಅದನ್ನೇ ಹುಡುಗಿಗೂ ಮಾಡಬೇಕು. ಮನಸ್ಸು ಆಮೇಲೆ ಬರಲಿ, ಬಾರದಿದ್ದರೂ ನಡೆಯುತ್ತದೆ. ಕಾರ್ಲ್ ರೋಜರ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಷರತ್ತಿಲ್ಲದ ಆದರದ ಬಗ್ಗೆ ಬರೆದರು. ಎದುರಿಗಿರುವವರು ಹೇಗೇ ಇರಲಿ, ಅವರನ್ನು ಮನುಷ್ಯರಾಗಿ ಒಪ್ಪಿಕೊಳ್ಳೋದು. ದೊಡ್ಡ ಮಾತು. ನನ್ನಂಥವಳಿಗೆ ಅದು ಪ್ರತಿದಿನ ಕೈಗೆ ಸಿಗೋದಿಲ್ಲ. ನೆನೆಸಿದ ಗಾಜ್ ಸಿಗುತ್ತದೆ.

ಹೆಜ್ಜೆ 5: ಕಂಡದ್ದನ್ನೂ ಕಟ್ಟಿದ ಕತೆಯನ್ನೂ ಬೇರೆ ಮಾಡಿ

ನಾನು ತಡವಾಗಿ ಬಂದರೆ ಬಸ್ ಸಿಗಲಿಲ್ಲ ಅನ್ನುತ್ತೇನೆ. ನೀವು ತಡವಾಗಿ ಬಂದರೆ ನಿಮಗೆ ಜವಾಬ್ದಾರಿ ಇಲ್ಲ ಅನ್ನುತ್ತೇನೆ. ಇನ್ನೊಬ್ಬರ ನಡವಳಿಕೆಗೆ ಅವರ ಗುಣವೇ ಕಾರಣ ಅಂದುಕೊಂಡು ಪರಿಸ್ಥಿತಿಯನ್ನು ಮರೆಯುವ ಈ ಚಾಳಿಯನ್ನು ಮನಶ್ಶಾಸ್ತ್ರದಲ್ಲಿ ಮೂಲ ಆರೋಪಣೆಯ ದೋಷ ಅನ್ನುತ್ತಾರೆ. 1977ರಲ್ಲಿ ಈ ಹೆಸರು ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಲೀ ರಾಸ್.

ವಾರ್ಡ್‌ನಲ್ಲಿ ಇದು ಹೇಗಿರುತ್ತದೆ ನೋಡಿ. ಶುಗರ್ ಇರುವ ಒಬ್ಬರು ಮೂರನೇ ಸಲ ಅಡ್ಮಿಟ್ ಆಗಿದ್ದಾರೆ. ಕಂಡದ್ದು: ಇನ್ಸುಲಿನ್ ಬಿಟ್ಟಿದ್ದಾರೆ. ಕಟ್ಟಿದ ಕತೆ: ಉಡಾಫೆ ಮನುಷ್ಯ, ಎಷ್ಟು ಹೇಳಿದರೂ ಅಷ್ಟೇ. ಕತೆ ನಂಬಿದರೆ ಬಾಯಿಂದ ಬರುವ ಪ್ರಶ್ನೆ, "ಯಾಕೆ ಬಿಟ್ಟಿರಿ?" ಉತ್ತರ ಸಿದ್ಧವಾಗಿರುತ್ತದೆ: "ಮರೆತೆ ಸಿಸ್ಟರ್."

ಬೇರೆ ರೀತಿ ಕೇಳಿ ನೋಡೋಣ.

"ದಿನಾ ಚುಚ್ಚಿಕೊಳ್ಳೋದು ಕಷ್ಟಾನೇ. ನಿಮಗೆ ಯಾವ ಹೊತ್ತಿನ ಡೋಸ್ ತುಂಬಾ ತೊಂದರೆ?"

"ರಾತ್ರಿದು."

"ರಾತ್ರಿ ಏನಾಗುತ್ತೆ?"

"ವಾಚ್‌ಮನ್ ಕೆಲಸ ಸಿಸ್ಟರ್. ಒಬ್ಬನೇ ಇರ್ತೀನಿ. ಒಂದ್ಸಲ ತಗೊಂಡು ಬೆವರು ಕಿತ್ಕೊಂಡು ಬಂತು, ಕಣ್ಣು ಕತ್ತಲೆ. ಯಾರೂ ಇರ್ಲಿಲ್ಲ. ಅವತ್ತಿಂದ ಭಯ."

ಉಡಾಫೆ ಎಲ್ಲಿಗೆ ಹೋಯಿತು? ಅದು ಲೋ ಶುಗರ್‌ನ ಭಯ. ಡೋಸ್ ಮತ್ತು ಹೊತ್ತನ್ನು ಡಾಕ್ಟರ್ ಜೊತೆ ಮಾತಾಡಿ ಬದಲಿಸಬಹುದು, ಜೇಬಿನಲ್ಲಿ ಗ್ಲುಕೋಸ್ ಇಟ್ಟುಕೊಳ್ಳಲು ಹೇಳಿಕೊಡಬಹುದು. "ಯಾಕೆ" ಅನ್ನುವ ಪದ ಮಾಸ್ತರರ ಬೆತ್ತದ ಹಾಗೆ ಕೇಳಿಸುತ್ತದೆ. "ಏನಾಯಿತು", "ಹೇಗೆ", "ಯಾವಾಗ" ಬಳಸಿ. ಒಂದೇ ಪದ ಬದಲಾದರೂ ಸಿಗುವ ಮಾಹಿತಿ ಬೇರೆ.

ಹೆಜ್ಜೆ 6: ಮುಜುಗರದ ಪ್ರಶ್ನೆಗಳನ್ನು ಸಾದಾ ದನಿಯಲ್ಲಿ ಕೇಳಿ

ತೀರ್ಪಿನಿಂದ ರೋಗಿಗೆ ಬೇಜಾರಾಗುತ್ತದೆ ಅನ್ನೋದು ಅರ್ಧ ಮಾತು. ರೋಗಿ ನಮ್ಮಿಂದ ಮುಚ್ಚಿಡಲು ಶುರು ಮಾಡುತ್ತಾರೆ, ಅಪಾಯ ಅಲ್ಲಿದೆ. ಹುಬ್ಬೇರಿಸಿ "ದಿನಾ ಕುಡೀತೀರಾ?" ಅಂತ ಕೇಳಿದರೆ "ಇಲ್ಲಪ್ಪ, ಎಲ್ಲೋ ಅಪರೂಪಕ್ಕೆ" ಅನ್ನುತ್ತಾರೆ. ನೀವು ಹಾಗೇ ಬರೆದುಕೊಳ್ಳುತ್ತೀರಿ. ದಿನವೂ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಚಡಪಡಿಕೆ ಶುರುವಾಗಬಹುದು. ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಜೀವಕ್ಕೇ ಕುತ್ತು ತರುವ ಸನ್ನಿ ಹಿಡಿಯಬಹುದು. ಆ ಹುಬ್ಬಿಗೆ ರೋಗಿ ತೆರುವ ಬೆಲೆ ಇದು.

ಹೀಗೆ ಕೇಳಬಹುದು: "ಇದು ಎಲ್ಲರಿಗೂ ಕೇಳುವ ಪ್ರಶ್ನೆ. ಔಷಧಿ ಸರಿಯಾಗಿ ಕೊಡಲು ಬೇಕು. ವಾರದಲ್ಲಿ ಎಷ್ಟು ದಿನ ಕುಡಿಯುತ್ತೀರಿ? ಒಂದು ದಿನಕ್ಕೆ ಎಷ್ಟು? ಕೊನೆಯ ಸಲ ಯಾವಾಗ? ಬಿಟ್ಟಾಗ ಕೈ ನಡುಗುತ್ತಾ?" ಬಿಪಿ ಮಾತ್ರೆ ಬಗ್ಗೆ ಕೇಳುವ ದನಿಯಲ್ಲೇ ಕೇಳಿ. ಲೈಂಗಿಕ ಸಂಬಂಧ, ಗರ್ಭಪಾತ, ಡ್ರಗ್ಸ್, ಎಲ್ಲಕ್ಕೂ ಇದೇ. ಪರದೆ ಎಳೆದು, ಸಂಬಂಧಿಕರನ್ನು ಹೊರಗೆ ಕಳಿಸಿ ಕೇಳಿ. ಉತ್ತರ ಕೇಳಿದ ಮೇಲಿನ ಎರಡು ಸೆಕೆಂಡ್ ನಿಮ್ಮ ಮುಖ ಹೇಗಿರುತ್ತದೆ ಅನ್ನೋದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿ. ತಮಾಷೆ ಅಲ್ಲ, ನಾನು ಮಾಡಿದ್ದೇನೆ.

ಹೆಜ್ಜೆ 7: ಹಣೆಪಟ್ಟಿ ಹಿಂದೆ ಕಾಯಿಲೆ ಅಡಗದಂತೆ ನೋಡಿ

ಕುಡಿದ ವಾಸನೆ ಬರುತ್ತಿದೆ, ತೊದಲುತ್ತಿದ್ದಾರೆ, "ಮಲಗಲಿ ಬಿಡಿ, ಬೆಳಗ್ಗೆ ಇಳಿಯುತ್ತೆ." ಇದು ವಾರ್ಡ್‌ಗಳಲ್ಲಿ ಕೇಳುವ ಅತಿ ಅಪಾಯದ ವಾಕ್ಯಗಳಲ್ಲಿ ಒಂದು. ಕುಡಿದವರಿಗೂ ಶುಗರ್ ಇಳಿಯುತ್ತದೆ, ಬಿದ್ದು ತಲೆಯೊಳಗೆ ರಕ್ತಸ್ರಾವ ಆಗಿರಬಹುದು. ಥಯಾಮಿನ್ (ವಿಟಮಿನ್ ಬಿ1) ಕೊರತೆಯಿಂದ ಬರುವ ವೆರ್ನಿಕೆ ಕಾಯಿಲೆಯಲ್ಲಿ ಗೊಂದಲ, ಓಲಾಡುವ ನಡಿಗೆ, ಕಣ್ಣಿನ ಚಲನೆಯ ತೊಂದರೆ ಇರಬಹುದು. ನೋಡಿದವರಿಗೆ ಅಮಲು ಅನ್ನಿಸುತ್ತದೆ. ಗ್ಲುಕೋಮೀಟರ್‌ನಲ್ಲಿ ಒಂದು ಹನಿ ರಕ್ತ ನೋಡಲು ಒಂದು ನಿಮಿಷ ಬೇಡ. ಪ್ರಜ್ಞೆಯ ಮಟ್ಟ ಮತ್ತು ಕಣ್ಣಿನ ಪಾಪೆಯನ್ನು ಮತ್ತೆ ಮತ್ತೆ ನೋಡಿ ಬರೆಯಿರಿ.

ಮಾನಸಿಕ ಕಾಯಿಲೆ ಇರುವವರು ಎದೆನೋವು ಅಂದರೂ ಹೀಗೇ ಆಗುತ್ತದೆ, "ಟೆನ್ಷನ್" ಅಂತ ಪಕ್ಕಕ್ಕೆ ಸರಿಸುತ್ತಾರೆ. ದಪ್ಪಗಿರುವವರ ಪ್ರತಿ ತೊಂದರೆಗೂ ತೂಕವೇ ಕಾರಣವಾಗಿಬಿಡುತ್ತದೆ. ಇಂಥವರಿಗೆ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ: ಆ ಹಣೆಪಟ್ಟಿ ಇಲ್ಲದ ರೋಗಿ ಇದೇ ದೂರು ಹೇಳಿದ್ದರೆ ಏನೇನು ಪರೀಕ್ಷಿಸುತ್ತಿದ್ದೆನೋ ಅಷ್ಟನ್ನೂ ಮೊದಲು ಮುಗಿಸೋದು.

ನೋವಿನ ವಿಷಯಕ್ಕೆ ಬಂದರೆ ಮಾರ್ಗೋ ಮೆಕ್‌ಕ್ಯಾಫರಿ ಎಂಬ ಅಮೆರಿಕದ ನರ್ಸ್ 1968ರಲ್ಲೇ ಹೇಳಿದ್ದರು: ಅನುಭವಿಸುವವರು ನೋವು ಎಂದು ಏನನ್ನು ಹೇಳುತ್ತಾರೋ ಅದೇ ನೋವು, ಇದೆ ಅಂದಾಗ ಇದೆ. ಫೋನ್ ನೋಡಿ ನಗುತ್ತಿದ್ದವರು ನೋವು 10ಕ್ಕೆ 8 ಅಂದರೆ ನಮಗೆ ನಂಬಿಕೆ ಬರೋದಿಲ್ಲ. ಆದರೆ ದಿನಗಟ್ಟಲೆ ನೋವು ತಿಂದವರು ನಗೋದನ್ನೂ ಮಲಗೋದನ್ನೂ ಕಲಿತಿರುತ್ತಾರೆ. ಅಫೀಮು ಗುಂಪಿನ ಔಷಧಿಗಳ ಮೇಲೆ ಅವಲಂಬನೆ ಇರುವವರಿಗೆ ಮೈ ಒಗ್ಗಿಹೋಗಿರುತ್ತದೆ, ಮಾಮೂಲಿ ಡೋಸ್ ಸಾಲದೇ ಹೋಗಬಹುದು. ಅವರು ಜಾಸ್ತಿ ಕೇಳಿದ್ದು ನಾಟಕ ಅಂತ ನಿರ್ಧರಿಸುವ ಮುಂಚೆ ನೋವನ್ನು ಅಳೆಯಿರಿ, ಡಾಕ್ಟರಿಗೆ ತಿಳಿಸಿ, ಕೊಟ್ಟ ಮೇಲೆ ಉಸಿರಾಟ ನೋಡಿ.

ತಾವೇ ಗಾಯ ಮಾಡಿಕೊಂಡು ಬಂದವರ ಬಗ್ಗೆ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಶಿಕ್ಷೆಯ ಧಾಟಿ ಕೂಡದು ಎಂದು ನೇರವಾಗಿಯೇ ಹೇಳುತ್ತದೆ. ಬರೆದು ಹೇಳಬೇಕಾಯಿತು ಅಂದರೆ, ಟೇಪ್ ಎಳೆದವಳು ನಾನೊಬ್ಬಳೇ ಅಲ್ಲ.

ಹೆಜ್ಜೆ 8: ಪೆನ್ನಿಗೆ ಕಡಿವಾಣ ಹಾಕಿ

ಬಾಯಿಮಾತು ಗಾಳಿಗೆ ಹೋಗುತ್ತದೆ. ನೋಟ್ಸ್‌ನಲ್ಲಿ ಬರೆದದ್ದು ಮುಂದಿನ ಶಿಫ್ಟ್, ಮುಂದಿನ ಅಡ್ಮಿಷನ್, ಮುಂದಿನ ಆಸ್ಪತ್ರೆವರೆಗೂ ರೋಗಿಯ ಹಿಂದೆ ನಡೆಯುತ್ತದೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೈದ್ಯ ವಿದ್ಯಾರ್ಥಿಗಳಿಗೂ ಕಿರಿಯ ವೈದ್ಯರಿಗೂ ಸಿಕಲ್ ಸೆಲ್ ಎಂಬ, ತುಂಬಾ ನೋವು ಕೊಡುವ ರಕ್ತದ ಕಾಯಿಲೆಯ ಒಬ್ಬ ರೋಗಿಯ ಬಗ್ಗೆ ಎರಡು ತರಹದ ನೋಟ್ಸ್ ಕೊಟ್ಟರು. ರೋಗದ ವಿವರ ಒಂದೇ. ಒಂದರಲ್ಲಿ ಸಾದಾ ಭಾಷೆ, ಇನ್ನೊಂದರಲ್ಲಿ ಕೊಂಕು ಭಾಷೆ. ಕೊಂಕಿನ ನೋಟ್ಸ್ ಓದಿದವರಿಗೆ ರೋಗಿಯ ಬಗ್ಗೆ ಕೆಟ್ಟ ಭಾವನೆ ಮೂಡಿತು. ಅವರು ನೋವಿಗೆ ಕೊಡಲು ಮುಂದಾದ ಔಷಧಿಯೂ ಕಡಿಮೆಯಾಯಿತು. ರೋಗಿಯನ್ನು ಅವರು ನೋಡಿಯೇ ಇರಲಿಲ್ಲ.

ಹಾಗಾಗಿ ಗುಣ ಬರೆಯಬೇಡಿ, ನಡೆದದ್ದು ಬರೆಯಿರಿ. "ಸಹಕರಿಸುತ್ತಿಲ್ಲ" ಅನ್ನೋದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಯಾರಿಗೂ ಬೆಳಕಿಲ್ಲ. "10 ಗಂಟೆಗೆ ಇಂಜೆಕ್ಷನ್ ಬೇಡ ಎಂದರು, ಹಿಂದಿನ ಸಲ ಊತ ಬಂದಿತ್ತು ಎಂದು ಕಾರಣ ಹೇಳಿದರು, ಡಾಕ್ಟರಿಗೆ ತಿಳಿಸಲಾಗಿದೆ" ಅಂದರೆ ಬೆಳಕಿದೆ. "ಕುಡುಕ" ಬೇಡ, ದಿನಕ್ಕೆ ಎಷ್ಟು, ಕೊನೆಯದು ಯಾವಾಗ ಅಂತ ಬರೆಯಿರಿ. "ನೋವು ಇದೆಯಂತೆ" ಅನ್ನುವ ಆ ಅಂತೆಯನ್ನು ಕಿತ್ತುಹಾಕಿ, "ನೋವು 10ಕ್ಕೆ 8 ಎಂದರು" ಸಾಕು. ರೋಗಿಯ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕೋದು ಕೆಲವೊಮ್ಮೆ ಅಗತ್ಯ. ಆದರೆ ವ್ಯಂಗ್ಯಕ್ಕೆ ಹಾಕಿದ್ದರೆ ಓದುವವರಿಗೆ ಅದು ಕಣ್ಣು ಹೊಡೆದ ಹಾಗೆ ಕಾಣುತ್ತದೆ. ಬರೆದಾದ ಮೇಲೆ ಒಮ್ಮೆ ಕೇಳಿಕೊಳ್ಳಿ: ಇದನ್ನು ರೋಗಿಯ ಪಕ್ಕ ಕೂತು ಜೋರಾಗಿ ಓದಬಲ್ಲೆನಾ?

ಹೆಜ್ಜೆ 9: ಮೌಲ್ಯವೇ ನಿಜಕ್ಕೂ ಅಡ್ಡ ಬಂದಾಗ

ಕಿರಿಕಿರಿ ಬೇರೆ, ಮನಸ್ಸಾಕ್ಷಿ ಬೇರೆ. ಒಂದು ಕೆಲಸ ನಿಮ್ಮ ಆಳದ ನಂಬಿಕೆಗೆ ವಿರುದ್ಧ ಇರಬಹುದು, ಅದರಲ್ಲಿ ಭಾಗಿಯಾಗದಿರಲು ಹಲವು ಕಡೆ ನಿಯಮಗಳೇ ಅವಕಾಶ ಕೊಡುತ್ತವೆ. ನೀವು ಕೆಲಸ ಮಾಡುವ ಕಡೆಯ ಕಾನೂನು ಏನನ್ನುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ. ಡ್ಯೂಟಿ ಹಾಕುವ ಮುಂಚೆ ಇನ್‌ಚಾರ್ಜ್‌ಗೆ ಹೇಳಿ. ಟ್ರಾಲಿ ಹೊರಟ ಮೇಲೆ ಬಾಗಿಲಲ್ಲಿ ನಿಂತು ಹೇಳೋದಲ್ಲ. ರೋಗಿಗೆ ಹೇಳೋದಂತೂ ಬೇಡವೇ ಬೇಡ, ನಿಮ್ಮ ಮನಸ್ಸಾಕ್ಷಿಯ ಭಾರ ಅವರು ಹೊರಬೇಕಿಲ್ಲ. ಬದಲಿ ನರ್ಸ್ ಬಂದು ಹ್ಯಾಂಡೋವರ್ (ರೋಗಿಯ ವಿವರ ಹೇಳಿ ಒಪ್ಪಿಸೋದು) ಆಗುವವರೆಗೆ ಬಿಟ್ಟು ಹೋಗುವಂತಿಲ್ಲ. ಜೀವಕ್ಕೆ ಅಪಾಯ ಇರುವಾಗ ಈ ಮಾತೇ ಇಲ್ಲ, ಕೆಲಸ ಮಾಡಲೇಬೇಕು.

ಬೇಡ ಅನ್ನಬಹುದಾದದ್ದು ಒಂದು ಕೆಲಸವನ್ನು, ಒಬ್ಬ ಮನುಷ್ಯನನ್ನಲ್ಲ. "ಈ ಪ್ರೊಸೀಜರ್‌ನಲ್ಲಿ ನಾನು ಇರಲಾರೆ" ಅನ್ನಬಹುದು. "ಇಂಥವರಿಗೆ ಬಿಪಿ ನೋಡಲಾರೆ" ಅನ್ನುವಂತಿಲ್ಲ.

ಇದಕ್ಕೆ ತಿರುಗಾದದ್ದೂ ಇದೆ. ಸರಿ ಯಾವುದು ಅಂತ ಗೊತ್ತಿದ್ದೂ ಮೇಲಿನವರಿಂದಲೋ ವ್ಯವಸ್ಥೆಯಿಂದಲೋ ಮಾಡಲಾಗದೆ ಉಳಿದಾಗ ಒಳಗೊಳಗೇ ಕೊರೆಯುತ್ತದಲ್ಲ, ಆ ನೈತಿಕ ಸಂಕಟಕ್ಕೆ 1984ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ ಹೆಸರು ಕೊಟ್ಟರು. ಆ ಕೊರೆತವನ್ನು ಒಳಗೇ ಇಟ್ಟುಕೊಂಡರೆ ಸಿಟ್ಟು ರೋಗಿಯ ಮೇಲೆ ತಿರುಗುತ್ತದೆ. ನಂಬಿಕೆಯ ಹಿರಿಯ ಸಹೋದ್ಯೋಗಿ ಜೊತೆ ಮಾತಾಡಿ.

ಒಂದು ಎಚ್ಚರಿಕೆ. ತೀರ್ಪು ಕೊಡದೆ ನೋಡೋದು ಅಂದರೆ ಎಲ್ಲವನ್ನೂ ಸಹಿಸೋದು ಅಲ್ಲ. ಕೈ ಎತ್ತಿದವರಿಂದ ದೂರ ನಿಲ್ಲಿ, ಸಹಾಯ ಕರೆಯಿರಿ. ಮಗುವಿಗೆ ಹಿಂಸೆ ಆಗಿರುವ ಗುರುತು ಕಂಡರೆ ನಿಯಮದಂತೆ ವರದಿ ಮಾಡಿ. ಎರಡನ್ನೂ ಮುಖ ಸಿಂಡರಿಸದೆ ಮಾಡಬಹುದು.

ಹೆಜ್ಜೆ 10: ತಪ್ಪಿದಾಗ ಸರಿಮಾಡಿ

ತಪ್ಪುತ್ತೀರಿ. ಈ ಮಾರ್ಗದರ್ಶಿ ಬಾಯಿಪಾಠ ಮಾಡಿದರೂ ತಪ್ಪುತ್ತೀರಿ. ಸರಿಮಾಡುವ ಮಾತು ಚಿಕ್ಕದಿರಲಿ: "ಬೆಳಗ್ಗೆ ನಾನು ಒರಟಾಗಿ ಮಾತಾಡಿದೆ. ಸಾರಿ. ಈಗ ಹೇಳಿ, ಕೇಳುತ್ತೇನೆ." ನೈಟ್ ಡ್ಯೂಟಿ, ಜನ ಕಮ್ಮಿ ಅಂತ ಕಾರಣಗಳ ಮಾಲೆ ಪೋಣಿಸಬೇಡಿ. ಆಗ ಕ್ಷಮಿಸುವ ಕೆಲಸವೂ ಸಮಾಧಾನ ಹೇಳುವ ಕೆಲಸವೂ ರೋಗಿಯ ತಲೆಗೇ ಬರುತ್ತದೆ.

ಆ ಹುಡುಗಿಯ ಮುಂದಿನ ಡ್ರೆಸ್ಸಿಂಗ್ ನಾನೇ ಕೇಳಿ ತೆಗೆದುಕೊಂಡೆ. ಗಾಜ್ ನೆನೆಸಿದೆ. "ನಿನ್ನೆ ಎಳೆದುಬಿಟ್ಟೆ, ತಪ್ಪಾಯಿತು" ಅಂದೆ. ಅವಳು ಏನೂ ಹೇಳಲಿಲ್ಲ. ಮಾತಾಡಿದಳು, ಗೆಳತಿಯರಾದೆವು ಅಂತೆಲ್ಲ ಬರೆದರೆ ಸುಳ್ಳಾಗುತ್ತದೆ. ಕೈಯನ್ನು ಮಾತ್ರ ತಾನಾಗಿಯೇ ಮುಂದೆ ಚಾಚಿದಳು, ಹಿಂದಿನ ದಿನ ನಾನು ಎಳೆದುಕೊಳ್ಳಬೇಕಾಗಿತ್ತು.

ವಾರಕ್ಕೊಮ್ಮೆ 10 ನಿಮಿಷ ಕೂತು ಒಂದು ಘಟನೆ ಬರೆದಿಡಿ. ಬ್ರಿಟನ್ನಿನ ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಪ್ರಶ್ನೆಗಳ ಚಕ್ರ ಇದಕ್ಕೆ ಒಗ್ಗುತ್ತದೆ: ಏನಾಯಿತು, ಏನನ್ನಿಸಿತು, ಯಾವುದು ಸರಿ ಯಾವುದು ತಪ್ಪು, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡುತ್ತೇನೆ. ಆರೂ ಬರೆಯಲು ಬೇಸರವಾದರೆ ಎರಡನೆಯದೂ ಕೊನೆಯದೂ ಸಾಕು. ರೋಗಿಯ ಹೆಸರು, ಬೆಡ್ ನಂಬರ್ ಬರೆಯಬೇಡಿ.

ಹೆಜ್ಜೆ 11: ಹ್ಯಾಂಡೋವರ್‌ನಲ್ಲಿ ಸರಪಳಿ ಮುರಿಯಿರಿ

ಒಬ್ಬರ ತೀರ್ಪು ಇಡೀ ವಾರ್ಡಿನದಾಗೋದು ಹ್ಯಾಂಡೋವರ್‌ನಲ್ಲಿ. "12ನೇ ಬೆಡ್, ಅಯ್ಯೋ ಅವರೊಂದು ತಲೆನೋವು, ನೋಡ್ತೀರಿ." ಮುಂದಿನ ನರ್ಸ್ ಇನ್ನೂ ಒಳಗೇ ಹೋಗಿಲ್ಲ, ಆಗಲೇ ದವಡೆ ಬಿಗಿಯಾಯಿತು. ಹೊಸದಾಗಿ ಸೇರಿದವರು ವಾರ್ಡಿನ ಕಣ್ಣಲ್ಲಿ ನೋಡೋದನ್ನು ಕಲಿಯೋದೂ ಹೀಗೇ.

ಸಹೋದ್ಯೋಗಿಗೆ ಅಲ್ಲೇ ಉಪದೇಶ ಶುರು ಮಾಡಬೇಡಿ. 12 ಗಂಟೆ ನಿಂತು ಸುಸ್ತಾದವರಿಗೆ ಅದು ಗಾಯದ ಮೇಲೆ ಬರೆ, ಅದೂ ಒಂದು ತೀರ್ಪೇ. ನಾನು ಮಾಡೋದು ಇಷ್ಟು. ತಲೆ ಅಲ್ಲಾಡಿಸುತ್ತೇನೆ, ಪೆನ್ನು ತೆಗೆಯುತ್ತೇನೆ. "ತುಂಬಾ ಸಲ ಕರೆದ್ರಾ? ಯಾವುದಕ್ಕೆ ಕರೆದ್ರು? ನೋವಿನ ಔಷಧಿ ಕೊನೆಯದು ಎಷ್ಟೊತ್ತಿಗೆ ಕೊಟ್ರಿ?"

ಅವರು ಚಾರ್ಟ್ ತಿರುಗಿಸಿ ನೋಡುತ್ತಾರೆ. ಎಷ್ಟೋ ಸಲ, ಡೋಸ್‌ನ ಹೊತ್ತು ದಾಟಿ ಎರಡು ಗಂಟೆ ಆಗಿರುತ್ತದೆ.